ಜಾವಳಿ ತಿರುವಿನಲ್ಲಿ ನಿಲ್ಲುತ್ತಿದ್ದ ಮೋಟಾರು ಸೈಕಲ್ಲು

ಪೆಟ್ರೋಲಿನ ವಾಸನೆ ಮೂಗಿಗೆ ಬಡಿದರೆ ಇವತ್ತಿಗೂ ನನಗೆ ಮೊದಲು ಬರುವುದು ಸಿಟ್ಟು, ಅದರ ಬೆನ್ನಿಗೇ ಅನುಮಾನ. ಮೊನ್ನೆ ಮೂಡಿಗೆರೆಯ ಬಂಕಿನಲ್ಲಿ ಮಗ ಕಾರು ನಿಲ್ಲಿಸಿ ಇಳಿದ. ಹಿಂದಿನ ಸೀಟಿನಲ್ಲಿದ್ದ ನಾನು, ಅವನು ಬಾಗಿಲು ತೆಗೆದು ಒಳಗೆ ಕೂರುವ ಮೊದಲೇ, ಇಷ್ಟು ಹೊತ್ತು ಎಲ್ಲಿಗೆ ಹೋಗಿದ್ದೆ ಎಂದು ಗದರಿಬಿಟ್ಟೆ. ಪಾಪ, ಅವನು ನನ್ನ ಕಣ್ಣೆದುರಿಗೇ ನಿಂತಿದ್ದ. ಸೊಸೆ ಮುಖ ಆಚೆ ತಿರುಗಿಸಿ ನಕ್ಕಳು. ಅತ್ತೆಗೆ ವಯಸ್ಸಾಯಿತು ಎಂದುಕೊಂಡಿರಬೇಕು. ವಯಸ್ಸಿನದಲ್ಲ ಅದು, ಎರಡನೇ ಮಹಾಯುದ್ಧದ ಕಾಲದ ಒಂದು ಕಾಫಿ ಕುಯ್ಲಿನ ಉಳಿಕೆ.

ನಾನು ಮದುವೆಯಾಗಿ ಬಂದ ಮೊದಲ ವರ್ಷ ಅದು. ಇವರು (ಗಂಡನ ಹೆಸರು ಬರೆಯುವ ರೂಢಿ ಈ ವಯಸ್ಸಿನಲ್ಲಿ ಹೊಸದಾಗಿ ಬರುವುದಿಲ್ಲ, ಇವರು ಎಂದೇ ಬರೆಯುತ್ತೇನೆ) ನಾಲ್ಕಾರು ಎಸ್ಟೇಟಿನವರು ಸೇರಿ ನಡೆಸುತ್ತಿದ್ದ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದರು. ಆಸ್ಪತ್ರೆ ಎಂದರೆ ಮೂಡಿಗೆರೆಗೆ ಹತ್ತಿರದ ಒಂದು ಎಸ್ಟೇಟಿನಲ್ಲಿ ಎರಡು ಕೋಣೆ, ಒಂದಷ್ಟು ಬಾಟಲಿ, ಬೇಕಾದಷ್ಟು ಕ್ವಿನೈನ್. ನಿಜವಾದ ಡಾಕ್ಟರು ಯಾವಾಗಲೋ ಒಮ್ಮೆ ಬಂದು ಮುಖ ತೋರಿಸಿ ಹೋಗುತ್ತಿದ್ದರು. ಹಾಗಾಗಿ ಕೂಲಿಯವರ ಸಾಲುಮನೆಗಳಲ್ಲಿದ್ದ ಲೈನಿನವರಿಗೆಲ್ಲ ಇವರೇ ಡಾಕ್ಟ್ರು. ಚಳಿಜ್ವರ ಬಿದ್ದ ಲೈನುಗಳಿಗೆ ಇವರೇ ಹೋಗಿ ಔಷಧಿ ಕುಡಿಸಿ ಬರಬೇಕಾಗಿತ್ತು. ನಮ್ಮ ಕ್ವಾರ್ಟರ್ಸು ಕಾಫಿ ಕಣದ ಪಕ್ಕದಲ್ಲೇ ಇತ್ತು. ಕುಯ್ಲಿನ ತಿಂಗಳುಗಳಲ್ಲಿ ಪಲ್ಪಿಂಗ್ ಮನೆಯಿಂದ ಹೊರಬಿದ್ದ ಹಣ್ಣಿನ ಸಿಪ್ಪೆ ಕೊಳೆತು ನಾರುತ್ತಿತ್ತು. ಬೆಳಿಗ್ಗೆ ಮಂಜು ಹರಿಯುವವರೆಗೆ ಎದುರಿಗಿದ್ದವರ ಮುಖ ಕಾಣುತ್ತಿರಲಿಲ್ಲ, ಮಧ್ಯಾಹ್ನ ಕಣದಲ್ಲಿ ಒಣಗಲು ಹರಡಿದ, ಸಿಪ್ಪೆ ಸುಲಿದ ಕಾಫಿ ಬೀಜದ, ಎಂದರೆ ಪಾರ್ಚ್‌ಮೆಂಟಿನ ಬಿಳುಪಿಗೆ ಕಣ್ಣು ಕುಕ್ಕುತ್ತಿತ್ತು.

ಆ ವರ್ಷ ಪಕ್ಕದ ಎಸ್ಟೇಟಿನ ಚಿಕ್ಕ ದೊರೆ ಯುದ್ಧಕ್ಕೆ ಹೊರಟ. ಹೋಗುವಾಗ ಅವನ ಕುದುರೆಯನ್ನು ಒಬ್ಬರು ಹಿಡಿದುಕೊಂಡರು, ನಾಯಿಯನ್ನು ಇನ್ನೊಬ್ಬರು. ಯಾರಿಗೂ ಬೇಡವಾಗಿ ಉಳಿದದ್ದು ಮೋಟಾರು ಸೈಕಲ್ಲು. ಅದನ್ನು ಇವರು ತಳ್ಳಿಕೊಂಡು ಮನೆಗೆ ತಂದರು. ತಳ್ಳಿಕೊಂಡು ಬಂದದ್ದನ್ನು ನೋಡಿಯೇ ನನಗೆ ಅನುಮಾನ ಶುರುವಾಯಿತು. ಓಡುವ ಗಾಡಿಯನ್ನು ಯಾರಾದರೂ ತಳ್ಳುತ್ತಾರೆಯೇ? ಟ್ಯಾಂಕಿನ ಮೇಲಿನ ಹೆಸರು ಅಳಿಸಿಹೋಗಿತ್ತು. ಅದರ ಜಾತಿ ಕುಲ ಯಾರಿಗೂ ತಿಳಿಯಲಿಲ್ಲ. ಇವರು ಮಾತ್ರ ಎಳೆಮಗುವಿನ ಮೈ ಒರೆಸಿದಂತೆ ಅದನ್ನು ಒರೆಸಿ, ಸೌದೆ ಕೊಟ್ಟಿಗೆಯಲ್ಲಿ ಕಾಫಿ ಹೊಟ್ಟು ಹರಡಿ, ಅದರ ಮೇಲೆ ನಿಲ್ಲಿಸಿದರು.

ಮೊದಲ ವಾರವೇ ಅದರ ಕಿಕ್ ತಿರುಗಿ ಹೊಡೆದು ಇವರ ಮೊಳಕಾಲು ಊದಿಕೊಂಡಿತು. ಅದೇ ವಾರ ನಾವು ಒಂದು ಮದುವೆಗೆ ಹೋಗುವವರಿದ್ದೆವು. ಗಾಡಿ ಕೆಮ್ಮಿತು, ಉಗುಳಿತು, ಹೊರಡಲಿಲ್ಲ. ಸೀರೆ ಉಟ್ಟು ಹೂ ಮುಡಿದು ಜಗುಲಿಯಲ್ಲಿ ಕೂತಿದ್ದ ನಾನು ತಾಳ್ಮೆ ಕಳೆದುಕೊಂಡು, ಇದರ ಎಣ್ಣೆಯನ್ನೆಲ್ಲ ಒಂದು ದಿನ ಚರಂಡಿಗೆ ಸುರಿದುಬಿಡುತ್ತೇನೆ, ಆಗ ನೀವಿಬ್ಬರೂ ನೆಟ್ಟಗಾಗುತ್ತೀರಿ ಎಂದೆ. ಪೆಟ್ರೋಲು ಕೂಪನ್ನಿನ ಮೇಲೆ ಸಿಗುತ್ತಿದ್ದ ಕಾಲ ಅದು. ಬಸ್ಸುಗಳೇ ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು ಏದುಸಿರು ಬಿಡುತ್ತ ಘಾಟಿ ಹತ್ತುತ್ತಿದ್ದವು. ನಾನು ಹೇಳಿದ್ದು ಎಂಥ ಮಾತು ಎಂದು ನನಗೆ ಗೊತ್ತಿರಲಿಲ್ಲ. ಸಿಟ್ಟಿನಲ್ಲಿ ಹೇಳಿದೆ, ಮರೆತೆ.

ಇವರು ಬಿಡುವ ಆಸಾಮಿಯಲ್ಲ. ದಿನಾ ಸಂಜೆ ಆಸ್ಪತ್ರೆ ಬಾಗಿಲು ಹಾಕಿ ಬಂದವರೇ ಕೊಟ್ಟಿಗೆ ಸೇರುತ್ತಿದ್ದರು. ಸೀಮೆಎಣ್ಣೆಗೂ ಬರ ಇದ್ದ ಕಾಲದಲ್ಲಿ ಅದರ ಚೈನಿಗೆ ಸೀಮೆಎಣ್ಣೆ ಸ್ನಾನ. ಟ್ಯೂಬಿಗೆ ತೇಪೆಯ ಮೇಲೆ ತೇಪೆ. ಬಾಗಿದ ಕಾಲುಮೆಟ್ಟನ್ನು ನೆಟ್ಟಗೆ ಮಾಡಲು ನನ್ನ ರುಬ್ಬುವ ಕಲ್ಲಿನ ಗುಂಡು ಹೋಯಿತು, ನಟ್ಟು ಬೋಲ್ಟು ಹಾಕಿಡಲು ಊಟದ ತಟ್ಟೆ ಹೋಯಿತು. ಒಂದು ಹಳೇ ಸೀರೆ ಚಿಂದಿಯಾಗಿ ಗಾಡಿಯ ಹೊಟ್ಟೆ ಒರೆಸಿತು. ಬಿಡಿಭಾಗ ಇಂಗ್ಲೆಂಡಿನಿಂದ ಬರಬೇಕು, ಹಡಗುಗಳೋ ಸಮುದ್ರದಲ್ಲಿ ಮುಳುಗುತ್ತಿವೆ ಎಂದು ಪೇಪರಿನಲ್ಲಿ ಓದಿ ಹೇಳುತ್ತಿದ್ದರು. ಸವೆದ ವಾಷರಿನ ಜಾಗಕ್ಕೆ ಚಪ್ಪಲಿಯ ಚರ್ಮ ಕತ್ತರಿಸಿ ಹಾಕಿದರು. ಅದೂ ಸ್ವಲ್ಪ ದಿನ ನಡೆಯಿತು. ಅಡುಗೆಮನೆಯ ಮಾಡದಲ್ಲಿ ನಾನು ಹಲಸಿನ ಮೇಣದ ಕಡ್ಡಿ ಇಟ್ಟುಕೊಂಡಿದ್ದೆ. ಸೋರುವ ಕೊಡಕ್ಕೋ ಮಡಕೆಗೋ ಅದನ್ನು ದೀಪದಲ್ಲಿ ಕಾಯಿಸಿ ಮೆತ್ತುವುದು ನಮ್ಮ ಕಡೆ ಎಲ್ಲ ಮನೆಗಳಲ್ಲೂ ಇದ್ದದ್ದೇ. ಆ ಕಡ್ಡಿಯೂ ಒಂದು ದಿನ ಕಾಣಲಿಲ್ಲ. ಅದನ್ನು ಮಾತ್ರ ನಾನು ಪಕ್ಕದ ಮನೆಯ ಗಿರಿಜಕ್ಕನ ಮೇಲೆ ಹೊರಿಸಿ, ಒಂದು ವಾರ ಅವರ ಜೊತೆ ಬಿಗುವಾಗಿದ್ದೆ.

ಗಿರಿಜಕ್ಕ ಎಸ್ಟೇಟಿನ ಲೆಕ್ಕ ಬರೆಯುವ ರೈಟರ ಹೆಂಡತಿ. ಒಳ್ಳೆಯವರೇ, ಆದರೆ ಸುದ್ದಿ ಬಾಯಲ್ಲಿ ನಿಲ್ಲುತ್ತಿರಲಿಲ್ಲ. ನಾನು ಗಮನಿಸದೇ ಇದ್ದ ಒಂದು ಸಂಗತಿಯನ್ನು ನನ್ನ ತಲೆಗೆ ಹಾಕಿದವರು ಅವರೇ. ಇವರು ಮೂಡಿಗೆರೆಗೆ ಹೋದರೆ ಗಾಡಿ ಕೆಡುವುದಿಲ್ಲ. ಹತ್ತಿರದ ಲೈನುಗಳಿಗೆ ಹೋದರೂ ಕೆಡುವುದಿಲ್ಲ. ಜಾವಳಿ ಕಡೆಯ ಎಸ್ಟೇಟಿಗೆ ಹೋಗುವ ದಿನ ಮಾತ್ರ ತಪ್ಪದೆ ಕೆಡುತ್ತದೆ. ಅದೂ ಜಾವಳಿಗೆ ಸ್ವಲ್ಪ ಮೊದಲು ಸಿಗುವ ಒಂದು ತಿರುವಿನಲ್ಲೇ ಹೆಚ್ಚಾಗಿ ಕೆಡುತ್ತದೆ. ಆ ತಿರುವಿನಲ್ಲಿ ಕಾವೇರಮ್ಮ ಎಂಬ ವಿಧವೆಯೊಬ್ಬಳು ಕಾಫಿ ತಿಂಡಿಯ ಹೋಟೆಲಿಟ್ಟಿದ್ದಾಳೆ.

"ಗಾಡಿಗೆ ಹೋಟ್ಲು ಯಾವುದು ಅಂತ ಗೊತ್ತಾಗುತ್ತಾ ಮಾರಾಯ್ತಿ?" ಎಂದು ಗಿರಿಜಕ್ಕ ಕೇಳಿದರು. ಅಷ್ಟೇ ಹೇಳಿ ಮೊರ ಎತ್ತಿಕೊಂಡು ಒಳಗೆ ಹೋದರು.

ಅಂದಿನಿಂದ ನನ್ನ ನಿದ್ದೆ ಕೆಟ್ಟಿತು. ಜಾವಳಿ ದಿನ ಇವರು ಬರುವುದು ಕತ್ತಲಾದ ಮೇಲೆಯೇ. ಬಂದವರು ನಾನು ಕೇಳುವ ಮೊದಲೇ ಹೇಳಲು ಶುರು ಮಾಡುತ್ತಿದ್ದರು: ಪ್ಲಗ್ಗಿನಲ್ಲಿ ಮಸಿ ಕೂತಿತ್ತು, ಬಿಚ್ಚಿ ಉಜ್ಜಿ ಹಾಕುವಷ್ಟರಲ್ಲಿ ಹೊತ್ತು ಹೋಯಿತು, ಆಮೇಲೆ ತಾನಾಗಿಯೇ ಹೊರಟಿತು. ತಾನಾಗಿಯೇ ಹೊರಡುವ ಗಾಡಿ ತಾನಾಗಿಯೇ ಯಾಕೆ ನಿಂತಿತು? ಕೇಳಿದರೆ ಅದೇ ಗೊತ್ತಾಗುವುದಿಲ್ಲ ಎನ್ನುತ್ತಿದ್ದರು. ನಾನು ಅಂಗಿ ಒಗೆಯುವಾಗ ಮೂಸಿ ನೋಡುತ್ತಿದ್ದೆ. ಪೆಟ್ರೋಲು, ಗ್ರೀಸು, ಬೆವರು. ಒಂದು ದಿನ ಏಲಕ್ಕಿಯ ವಾಸನೆ ಬಂತು. ಏಲಕ್ಕಿ ಬೆಳೆಯುವ ನಾಡಿನಲ್ಲಿ ಏಲಕ್ಕಿಯ ವಾಸನೆ ಬರದೆ ಇನ್ನೇನು ಬರುತ್ತದೆ ಎಂದು ಈಗ ಅನ್ನಿಸುತ್ತದೆ. ಆಗ ಆ ಅಂಗಿಯನ್ನು ಕಲ್ಲಿಗೆ ಬಡಿದ ಬಡಿತಕ್ಕೆ ಗುಂಡಿಗಳೆಲ್ಲ ಹಾರಿಹೋದವು.

ಇವರೂ ಆ ದಿನಗಳಲ್ಲಿ ಒಂದು ತರಹ ಆಗಿದ್ದರು. ನಾನು ಸೌದೆ ತರಲು ಕೊಟ್ಟಿಗೆಗೆ ಹೋದರೆ ಹಿಂದೆಯೇ ಬಂದು ನಿಲ್ಲುತ್ತಿದ್ದರು. ಬೇಕಾದಷ್ಟು ಸೌದೆ ನಾನೇ ತಂದು ಹಾಕುತ್ತೇನೆ, ನೀನು ಅಲ್ಲಿಗೆ ಹೋಗಬೇಡ ಎನ್ನುತ್ತಿದ್ದರು. ಗಾಡಿಯ ಮೇಲೆ ಗೋಣಿ ಹೊದಿಸಿ ಹಗ್ಗ ಬಿಗಿದಿಡುತ್ತಿದ್ದರು. ಕಾಂಪೌಂಡರಿಗೆ ಹೆಂಡತಿಯ ಮೇಲೆ ಇದ್ದಕ್ಕಿದ್ದಂತೆ ಇಷ್ಟು ಕಾಳಜಿ ಎಲ್ಲಿಂದ ಬಂತು? ಅಲ್ಲಿ ಏನೋ ಬಚ್ಚಿಟ್ಟಿದ್ದಾರೆ ಎಂದೇ ನಾನು ತೀರ್ಮಾನ ಮಾಡಿದೆ.

ಮೂಡಿಗೆರೆಯಲ್ಲಿ ಹಸನಬ್ಬ ಎಂಬವರ ರಿಪೇರಿ ಶೆಡ್ಡು ಇತ್ತು. ಲಾರಿ, ಬಸ್ಸು, ಕಾಫಿ ಹಣ್ಣು ಸುಲಿಯುವ ಪಲ್ಪರು, ಹೊಲಿಗೆ ಮಿಷನ್ನು, ಯಾವುದಿದ್ದರೂ ಅವರು ಮಾಡುತ್ತಿದ್ದರು. ಇವರು ಗಾಡಿಯನ್ನು ಅಲ್ಲಿಗೆ ಒಯ್ಯುವರು, ಅವರು ಎಲ್ಲ ಬಿಚ್ಚಿ ಜೋಡಿಸಿ ಒಂದು ಸುತ್ತು ಓಡಿಸಿ, ಏನೂ ದೋಷ ಇಲ್ಲ ಎನ್ನುವರು. ಇವರಿಗೆ ಅವರ ಮೇಲೂ ಗುಮಾನಿ. ಒಳ್ಳೇ ಭಾಗ ತೆಗೆದು ಬೇರೆ ಹಾಕಿಬಿಟ್ಟಿರಬಹುದೇ ಎಂದು ಮನೆಯಲ್ಲಿ ಗೊಣಗುತ್ತಿದ್ದರು. ಒಂದು ಸಂತೆಯ ದಿನ ನಾನೂ ಜೊತೆಗಿದ್ದೆ. ಹಸನಬ್ಬ ಕೈ ಒರೆಸಿಕೊಳ್ಳುತ್ತ ಇವರ ಕಡೆ ನೋಡಿ ಹೇಳಿದರು:

"ನನ್ ಶೆಡ್ಡಿಗೆ ಬಂದ್ರೆ ಇದಕ್ಕೆ ಎಂತ ಕಾಯ್ಲೆನೂ ಇಲ್ಲ ಡಾಕ್ಟ್ರೆ. ಮನೇಲಿ ಎಂತಾಗ್ತದೋ ನೀವೇ ನೋಡ್ಕೊಳ್ಳಿ."

ಇವರು ತಟ್ಟನೆ ನನ್ನ ಮುಖ ನೋಡಿದರು. ನಾನೂ ಇವರ ಮುಖ ನೋಡಿದೆ. ಹಾಗಾದರೆ ಕಾಯಿಲೆಯೇ ಇಲ್ಲ, ಇವರು ಸುಳ್ಳು ಹೇಳುತ್ತಿದ್ದಾರೆ ಎಂದು ನನಗೆ ಖಾತ್ರಿಯಾಯಿತು.

ಕುಯ್ಲು ಮುಗಿದ ಮೇಲೆ ಕಳಸದಿಂದ ಅಣ್ಣ ಬಂದು ನನ್ನನ್ನು ತವರಿಗೆ ಕರೆದುಕೊಂಡು ಹೋಗುವುದೆಂದು ಮೊದಲೇ ಮಾತಾಗಿತ್ತು. ಹಬ್ಬಕ್ಕೊಮ್ಮೆ, ಕುಯ್ಲು ಮುಗಿದ ಮೇಲೊಮ್ಮೆ ಹೋಗಿ ನಾಲ್ಕು ದಿನ ಇದ್ದು ಬರುವ ಪದ್ಧತಿ. ಈ ಸಲ ಹೋದರೆ ಬರುವುದು ಬೇಡ ಎಂದು ನಾನು ಮನಸ್ಸಿನಲ್ಲಿ ಗಟ್ಟಿ ಮಾಡಿದೆ. ಟ್ರಂಕಿನಲ್ಲಿ ನಾಲ್ಕು ದಿನಕ್ಕೆ ಬೇಕಾದ ಸೀರೆಗಳ ಬದಲು ಎಲ್ಲ ಸೀರೆಗಳನ್ನೂ ಮಡಚಿಟ್ಟೆ. ಮಡಚುವಾಗ ಅಳು ಬಂತು. ಇವರ ಮೇಲೆ ನನಗೆ ಪ್ರೀತಿ ಇತ್ತು, ಅದೇ ತೊಂದರೆ. ಇಲ್ಲದಿದ್ದರೆ ಯಾವ ಹೋಟೆಲಿನ ಮುಂದೆ ಯಾರ ಗಾಡಿ ನಿಂತರೆ ನನಗೇನು?

ಆದರೆ ಕಣ್ಣಾರೆ ನೋಡದೆ ಹೋಗಬಾರದು ಅನ್ನಿಸಿತು. ಜಾವಳಿಯಲ್ಲಿ ನನ್ನ ದೊಡ್ಡಮ್ಮನ ಮಗಳು ಹೆತ್ತಿದ್ದಳು. ಬಾಣಂತಿಯನ್ನು ನೋಡಬೇಕು, ಗಾಡಿಯ ಹಿಂದೆ ಕೂತು ಬರುತ್ತೇನೆ ಎಂದೆ. ಇವರು ಬೇಡವೆಂದರು. ರಸ್ತೆ ಕೆಟ್ಟಿದೆ, ಜನ ಏನೆಂದುಕೊಳ್ಳುತ್ತಾರೆ, ಕ್ಯಾರಿಯರು ಗಟ್ಟಿಯಿಲ್ಲ. ಒಂದೊಂದು ನೆವಕ್ಕೂ ನನ್ನ ಹಟ ಹೆಚ್ಚಿತು. ಕೊನೆಗೆ ಕ್ಯಾರಿಯರಿನ ಮೇಲೆ ಗೋಣಿ ಮಡಚಿ ಹಾಕಿ ಕೂರಿಸಿಕೊಂಡರು. ಕಾಫಿ ಕುಯ್ಯುತ್ತಿದ್ದ ಹೆಂಗಸರು ಬುಟ್ಟಿ ಕೆಳಗಿಟ್ಟು ನಿಂತು ನೋಡಿದರು. ನಾನು ತಲೆ ತಗ್ಗಿಸಲಿಲ್ಲ. ಸಿಟ್ಟಿನಲ್ಲಿರುವಾಗ ನಾಚಿಕೆಗೆ ಜಾಗವಿರುವುದಿಲ್ಲ. ಧೂಳು, ಕುಲುಕಾಟ, ಬೆನ್ನು ಮುರಿಯುವ ಹಾದಿ. ಒಂದೊಂದು ತಿರುವು ಬಂದಾಗಲೂ ಅದು ಯಾರ ಮನೆ, ಇದು ಯಾರ ಹೋಟೆಲು ಎಂದು ಕೇಳುತ್ತ ಹೋದೆ.

ಗಾಡಿ ಚೆನ್ನಾಗಿಯೇ ಓಡುತ್ತಿತ್ತು. ಓಡುತ್ತ ಓಡುತ್ತ ಬಿಕ್ಕಿತು, ಮತ್ತೊಮ್ಮೆ ಬಿಕ್ಕಿತು, ನಿಂತಿತು. ತಲೆ ಎತ್ತಿದರೆ ಎದುರಿಗೆ ಹುಲ್ಲಿನ ಮಾಡಿನ ಹೋಟೆಲು. ಒಳಗಿನಿಂದ ಒಬ್ಬ ಹೆಂಗಸು ಕೈಯೊರೆಸುತ್ತ ಬಂದು, ಇವತ್ತೂ ನಿಂತಿತಾ ಡಾಕ್ಟ್ರೆ ಎಂದು ನಗುತ್ತ ಕೇಳಿದಳು. ಆಮೇಲೆ ನನ್ನನ್ನು ಕಂಡು, ಅಮ್ಮಾವ್ರೂ ಬಂದಿದ್ದೀರಿ, ಒಳಗೆ ಬನ್ನಿ ಎಂದಳು. ಮುದುಕಿಯಾಗಿರಲಿ ಎಂದು ನಾನು ದಾರಿಯುದ್ದಕ್ಕೂ ಹಾರೈಸಿಕೊಂಡು ಬಂದಿದ್ದೆ. ಮುದುಕಿಯಲ್ಲ. ಲಕ್ಷಣವಾಗಿದ್ದಳು.

ಇವರು ಪ್ಲಗ್ಗು ಬಿಚ್ಚುವ ಪಾನ ಹುಡುಕುತ್ತಿದ್ದರು. ನಾನು ಇಳಿದು ಗಾಡಿಯ ಮುಂದೆ ನಿಂತೆ. ಪೆಟ್ರೋಲನ್ನು ಇವರೇ ಕಡಿಮೆ ಹಾಕಿಕೊಂಡು ಬಂದು ಇಲ್ಲಿಗೆ ಸರಿಯಾಗಿ ಮುಗಿಸುತ್ತಿರಬೇಕು ಎಂದು ನನಗೆ ಆ ಗಳಿಗೆಯಲ್ಲಿ ಹೊಳೆದಿತ್ತು.

"ಟ್ಯಾಂಕಿನ ಮುಚ್ಚಳ ತೆಗೀರಿ. ಪೆಟ್ರೋಲು ಇದೆಯಾ ನೋಡ್ಬೇಕು."

ಇವರು ಟ್ಯಾಂಕನ್ನು ಬೆರಳಿನಿಂದ ತಟ್ಟಿ, ಬೇಕಾದಷ್ಟಿದೆ, ಈ ಧೂಳಿನಲ್ಲಿ ಮುಚ್ಚಳ ತೆಗೆಯಬಾರದು ಎಂದರು. ತೆಗೆಯಿರಿ ಎಂದೆ. ಮುಚ್ಚಳದ ಮೇಲೆ ಕೈಯಿಟ್ಟು ನಿಂತುಬಿಟ್ಟರು. ಆ ಕೈಯನ್ನು ನಾನೇ ಸರಿಸಿದೆ. ಮುಚ್ಚಳದ ಸುತ್ತ, ಅದು ಟ್ಯಾಂಕಿಗೆ ಕೂಡುವಲ್ಲಿ, ಕಂದು ಬಣ್ಣದ ಗಟ್ಟಿ ಮೇಣ ಮೆತ್ತಿತ್ತು. ಮುಚ್ಚಳದ ನಡುವೆ ಒಂದು ಸಣ್ಣ ತೂತು ಇತ್ತು, ಅದಕ್ಕೂ ಒಂದು ಗುಳಿಗೆಯಷ್ಟು ಮೇಣ. ನನ್ನ ಅಡುಗೆಮನೆಯ ಹಲಸಿನ ಮೇಣ, ನನಗೆ ಗುರುತು ಸಿಗದೆ ಇರುತ್ತದೆಯೇ? ತಲೆಯ ಪಿನ್ನು ತೆಗೆದು ಕೆರೆದು ಕಿತ್ತೆ. ಮುಚ್ಚಳ ತಿರುಗಿಸಿದಾಗ ಟ್ಯಾಂಕು ಸುಯ್ಯೆಂದು ಗಾಳಿ ಎಳೆದುಕೊಂಡಿತು. ಒಳಗೆ ಪೆಟ್ರೋಲು ಅಲುಗಾಡುತ್ತಿತ್ತು.

ಇವರು ಒಂದು ಕ್ಷಣ ಆ ಮುಚ್ಚಳವನ್ನೇ ನೋಡಿದರು. ಹೋಗಿ ಕಿಕ್ ಒದ್ದರು. ಪ್ಲಗ್ಗು ಬಿಚ್ಚಿರಲಿಲ್ಲ, ಏನೂ ಮುಟ್ಟಿರಲಿಲ್ಲ. ಗಾಡಿ ಗುಡುಗುಟ್ಟಿ ಹೊರಟಿತು.

ಆ ತೂತಿನಿಂದ ಗಾಳಿ ಒಳಗೆ ಹೋದರೆ ತಾನೆ ಪೆಟ್ರೋಲು ಕೆಳಗಿಳಿಯುವುದು. ಹತ್ತಿರದ ಓಡಾಟಕ್ಕೆ ಒಳಗಿದ್ದ ಗಾಳಿ ಸಾಕಾಗುತ್ತಿತ್ತು, ಜಾವಳಿಯ ದೂರಕ್ಕೆ ಸಾಲುತ್ತಿರಲಿಲ್ಲ. ಪ್ಲಗ್ಗು ಉಜ್ಜುತ್ತ ಕೂತಷ್ಟು ಹೊತ್ತಿನಲ್ಲಿ ಎಲ್ಲೋ ಸಂದಿಯಿಂದ ಸ್ವಲ್ಪ ಸ್ವಲ್ಪವೇ ಗಾಳಿ ಸೇರಿ ಮತ್ತೆ ಹೊರಡುತ್ತಿತ್ತು. ಹಸನಬ್ಬನ ಶೆಡ್ಡಿಗೆ ಹೋಗುವ ಮೊದಲು ಇವರು ನಾಚಿಕೆಗೆ ಮೇಣವನ್ನೆಲ್ಲ ಕೆರೆದು ತೆಗೆದು, ಮನೆಗೆ ಬಂದ ಮೇಲೆ ಮತ್ತೆ ಮೆತ್ತುತ್ತಿದ್ದರು. ಇದೆಲ್ಲ ಆಮೇಲೆ ನಿಧಾನಕ್ಕೆ ತಿಳಿದದ್ದು. ಆಗ ನಾನು ಕೇಳಿದ್ದು ಒಂದೇ.

"ಮೇಣ ಯಾರು ಹಾಕಿದ್ದು?"

"ನಾನೇ."

"ಎಂತಕ್ಕೆ?"

ಇವರು ಗಾಡಿ ಆರಿಸಿದರು. ನೆಲ ನೋಡುತ್ತ ಹೇಳಿದರು: "ರಾತ್ರಿ ಇದ್ದಷ್ಟು ಪೆಟ್ರೋಲು ಬೆಳಿಗ್ಗೆ ಇರ್ತಿರಲಿಲ್ಲ. ನೀನು ಚರಂಡಿಗೆ ಸುರೀತೀನಿ ಅಂದಿದ್ದೆ. ಮುಚ್ಚಳ ತೆಗೆದ್ರೆ ಗೊತ್ತಾಗ್ಲಿ ಅಂತ ಸುತ್ತ ಮೆತ್ತಿದೆ. ಮೇಣ ಕೈಯಲ್ಲಿತ್ತು, ಆ ತೂತಿಗೂ ಹಾಕ್ದೆ."

ಕಾವೇರಮ್ಮ ಲೋಟ ಹಿಡಿದು ಬರುತ್ತಿದ್ದವಳು ಅಲ್ಲಿಂದಲೇ ತಿರುಗಿ ಒಳಗೆ ಹೋದಳು. ಅವಳ ಆ ಮರ್ಯಾದೆಗೆ ನಾನು ಇಂದಿಗೂ ಋಣಿ. ನಾನು ಬೇರೆ ಹೆಣ್ಣೊಬ್ಬಳನ್ನು ಕಲ್ಪಿಸಿಕೊಂಡು ನರಳುತ್ತಿದ್ದ ಅಷ್ಟೂ ದಿನ ಈ ಮನುಷ್ಯ ನನ್ನನ್ನೇ ಕಳ್ಳಿಯೆಂದು ಕಾಯುತ್ತಿದ್ದರು. ಬೆಳಗಾಗೆದ್ದು ನನ್ನ ಕೈಯಿಂದ ಕಾಫಿ ಕುಡಿದು, ನೆಟ್ಟಗೆ ಕೊಟ್ಟಿಗೆಗೆ ಹೋಗಿ ಮೇಣ ಒಡೆದಿದೆಯೇ ಎಂದು ನೋಡುತ್ತಿದ್ದರು. ತುಂಬ ನೋವಾಯಿತು. ನನ್ನನ್ನೇ ಒಂದು ಮಾತು ಕೇಳಬಹುದಿತ್ತಲ್ಲ ಎಂದೆ.

"ನೀನು ಕೇಳಿದ್ಯಾ?" ಎಂದರು ಇವರು. "ಬಾಣಂತಿ ನೋಡೋಳು ದಾರೀಲಿರೋ ಹೋಟ್ಲೆಲ್ಲ ಯಾರದ್ದು ಅಂತ ಕೇಳ್ಕೊಂಡು ಬರ್ತಾಳಾ?"

ಬಾಣಂತಿಯನ್ನು ನೋಡಿದೆವು, ಇವರು ಲೈನಿನ ಕೆಲಸ ಮುಗಿಸಿದರು, ಬಿಸಿಲಿರುವಾಗಲೇ ಮನೆ ಸೇರಿದೆವು. ಗಾಡಿ ಎಲ್ಲೂ ನಿಲ್ಲಲಿಲ್ಲ. ನಿಂತಿದ್ದರೆ ಏನಾದರೂ ಮಾತಾಡುತ್ತಿದ್ದೆವೋ ಏನೋ.

ಮರುದಿನ ನಾನು ಕೊಟ್ಟಿಗೆಗೆ ಹೋಗಿ ಗಾಡಿಯ ಕೆಳಗಿನ ಹೊಟ್ಟನ್ನು ಮುಷ್ಟಿಯಲ್ಲಿ ತೆಗೆದು ಇವರ ಮೂಗಿನ ಹತ್ತಿರ ಹಿಡಿದೆ. ಪೆಟ್ರೋಲಿನಲ್ಲಿ ನೆಂದು ಗಮ್ಮೆನ್ನುತ್ತಿತ್ತು. ಟ್ಯಾಂಕಿನ ಕೆಳಗಿನ ನಲ್ಲಿ ರಾತ್ರಿಯೆಲ್ಲ ತೊಟ್ಟಿಕ್ಕುತ್ತಿತ್ತು, ಹೊಟ್ಟು ಸದ್ದಿಲ್ಲದೆ ಕುಡಿಯುತ್ತಿತ್ತು. ಹಸನಬ್ಬ ಆ ನಲ್ಲಿಗೆ ಹೊಸ ಬಿರಡೆ ಕೊರೆದು ಹಾಕಿದರು. ಇವರು ಅವರ ಹತ್ತಿರ ಎಲ್ಲವನ್ನೂ ಒಪ್ಪಿಕೊಂಡರಂತೆ, ನಿಮ್ಮ ಮೇಲೂ ಸಂಶಯ ಪಟ್ಟಿದ್ದೆ ಎಂದು ಹೇಳಿದರಂತೆ. ಅವರು ನಗಲಿಲ್ಲವಂತೆ. ಇನ್ನೊಂದು ಗಾಡಿಯ ಕೆಲಸಕ್ಕೆ ಕೂತರಂತೆ.

ಅಣ್ಣ ಬಂದ. ನಾನು ಟ್ರಂಕನ್ನು ಬಿಚ್ಚಿರಲಿಲ್ಲ. ಅದನ್ನು ಎತ್ತುವಾಗ ಇವರಿಗೆ ಅದರ ಭಾರದಿಂದಲೇ ಗೊತ್ತಾಗಿರಬೇಕು. ಮುಂದಿನ ಭಾನುವಾರ ಮಧ್ಯಾಹ್ನದ ಊಟದ ಹೊತ್ತಿಗೆ ಕಳಸಕ್ಕೆ ಬರುತ್ತೇನೆ ಎಂದರು. ಹೆಂಡತಿಯ ಮೇಲೆ ಕಾವಲಿಟ್ಟ ಗಂಡನ ಮನೆಗೆ ತಿರುಗಿ ಹೋಗಬೇಕೇ ಎಂಬುದು ನನಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಆ ವಾರ ಕಾಫಿ ಗಿಡ ಅರಳಿಸುವ ಹೂವಿನ ಮಳೆ ಬಿದ್ದು, ಕಳಸದ ಸುತ್ತ ತೋಟಗಳೆಲ್ಲ ಬೆಳ್ಳಗಾಗಿದ್ದವು. ಭಾನುವಾರ ಅಮ್ಮ ಕಡುಬು ಮಾಡಿದಳು. ಊಟದ ಹೊತ್ತು ದಾಟಿತು. ಕಡುಬು ಆರಿತು. ಬಿಸಿಲು ಅಂಗಳದ ಆ ಕಡೆಗೆ ಸರಿಯಿತು. ಕಾವೇರಮ್ಮನ ವಿಷಯವನ್ನು ನಾನು ದೀಪಾವಳಿಗೆ ಬಂದಾಗಲೇ ಅಣ್ಣನ ಕಿವಿಗೆ ಹಾಕಿದ್ದೆ, ಆಮೇಲಿನ ಕತೆಯನ್ನು ಅವನಿಗೆ ಹೇಳಿರಲಿಲ್ಲ. ಅವನು ಕಂಬಕ್ಕೆ ಒರಗಿ ಎಲೆಗೆ ಸುಣ್ಣ ಸವರುತ್ತ ಹೇಳಿದ:

"ಭಾವ ಜಾವಳಿ ದಾರಿಯಲ್ಲೇ ಬರ್ಬೇಕಲ್ಲ. ಅಲ್ಲೇ ಕೂತಿರ್ತಾರೆ ಬಿಡು. ನೀನಿಲ್ಲೇ ಇದ್ದುಬಿಡು."

ಹಳೆಯ ಅನುಮಾನ ಮತ್ತೆ ತಲೆ ಎತ್ತಿತು. ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಆಗ ನಾನು ಹೇಳಿದ ಮಾತು ನನಗೇ ಹೊಸದಾಗಿ ಕೇಳಿಸಿತು.

"ಗಾಡಿ ಕೆಟ್ಟಿರುತ್ತೆ."

ಅಷ್ಟು ಹೇಳಿ ಚಪ್ಪಲಿ ಮೆಟ್ಟಿ ಹೊರಟೆ. ಅಮ್ಮ ಕೂಗಿದಳು. ಅಣ್ಣ ಬೈಯುತ್ತ ಹಿಂದೆ ಬಂದ. ಊರಿನ ಕೊನೆಯ ಮನೆ ದಾಟಿ, ಏರು ಹತ್ತಿ ಇಳಿದು ನಡೆದೆವು. ಇನ್ನೊಂದು ತಿರುವು, ಇನ್ನೊಂದು ತಿರುವು ಎಂದು ನಾನು ಹೋಗುತ್ತಲೇ ಇದ್ದೆ. ಕಾಣದಿದ್ದರೆ ಏನು ಮಾಡುವುದು ಎಂಬ ಹೆದರಿಕೆಗೆ ನಡಿಗೆ ತಾನಾಗಿ ಬಿರುಸಾಗಿತ್ತು. ಕೊನೆಗೆ ರಸ್ತೆಯ ಅಂಚಿನಲ್ಲಿ ಗಾಡಿ ಕಂಡಿತು, ಅದರ ಪಕ್ಕದಲ್ಲಿ ಮೊಳಕೈವರೆಗೆ ಕಪ್ಪಾಗಿ ಕೂತಿದ್ದ ಇವರೂ ಕಂಡರು. ಚೈನು ಕಡಿದು ಎರಡು ತುದಿಯಾಗಿ ಬಿದ್ದಿತ್ತು. ಒಬ್ಬರಿಂದ ಅದನ್ನು ಎಳೆದು ಕೂಡಿಸಲು ಆಗುತ್ತಿರಲಿಲ್ಲ.

ನನ್ನನ್ನು ಕಂಡವರೇ ಎದ್ದು ನಿಂತು ಗಡಿಬಿಡಿಯಿಂದ ಹೇಳತೊಡಗಿದರು. ಎಲ್ಲಿ ಕಡಿಯಿತು, ಎಷ್ಟು ದೂರ ತಳ್ಳಿದೆ, ದಾರಿಯಲ್ಲಿ ಜಲ್ಲಿ ಒಡೆಯುವವರು ನೋಡಿದ್ದಾರೆ, ಬೇಕಾದರೆ ಅವರನ್ನೇ ಕೇಳು. ಸಾಕ್ಷಿಗಳನ್ನು ಒಬ್ಬೊಬ್ಬರಾಗಿ ಕರೆಯುತ್ತಿದ್ದರು. ಅವರ ಮುಖ ನೋಡಿ ನನಗೆ ಅಳುವೂ ಬಂತು, ನಗುವೂ ಬಂತು.

"ನಾನೆಂತದೂ ಕೇಳಲಿಲ್ಲ. ಆ ತುದಿ ಕೊಡಿ ಇಲ್ಲಿ," ಎಂದು, ಮುಂದೆ ಬಂದ ಅಣ್ಣನನ್ನು ಸರಿಸಿ, ಸೆರಗು ಸಿಕ್ಕಿಸಿ ಕೂತೆ.

ಗ್ರೀಸು ಕೈಗೆ ಹತ್ತಿತು. ನಾನು ಒಂದು ತುದಿಯನ್ನು ಬಲವಾಗಿ ಎಳೆದು ಹಿಡಿದೆ, ಇವರು ಇನ್ನೊಂದನ್ನು ತಂದು ಕೂಡಿಸಿ ಕಲ್ಲಿನಿಂದ ಕುಟ್ಟತೊಡಗಿದರು. ಹುಟ್ಟುಗುಣ ಎಲ್ಲಿಗೆ ಹೋಗುತ್ತದೆ? ಇವರು ತಲೆ ತಗ್ಗಿಸಿ ಕುಟ್ಟುತ್ತಿದ್ದಾಗ, ನಾನು ಹಿಡಿದ ಹಿಡಿತ ಬಿಡದೆ, ಆಚೆ ಈಚೆ ಒಮ್ಮೆ ಕಣ್ಣು ಹಾಯಿಸಿದೆ. ಸುತ್ತಮುತ್ತ ಒಂದು ಹೋಟೆಲೂ ಇರಲಿಲ್ಲ, ಒಂದು ಮನೆಯೂ ಇರಲಿಲ್ಲ.